ಒಂದು ಕೈ ಹಾಕಿ, ಸ್ವಾಮಿ!

(ಸಂಘದ ಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಪಠ್ಯ)



ಕಾರ್ಯದರ್ಶಿಗಳು ನಮಗೆ ಕೊಟ್ಟ ವಿಷಯ 'ಸಂಘ ನಡೆದು ಬಂದ ದಾರಿ'. ಕೊಟ್ಟ ಸಮಯ ಹದಿನೈದು ನಿಮಿಷ. ಗಂಡ ಹೆಂಡತಿ ಇಬ್ಬರೂ ಕಾಫಿ ಕುಡಿಯುತ್ತ ಟಿಪ್ಪಣಿ ಮಾಡಲು ಕುಳಿತೆವು. ಎಷ್ಟು ಯೋಚಿಸಿದರೂ ಸಂಘ ಆ ದಾರಿಯಲ್ಲಿ ನಡೆದದ್ದು ನೆನಪಿಗೆ ಬರಲಿಲ್ಲ. ನಿಂತದ್ದು ಮಾತ್ರ ಚೆನ್ನಾಗಿ ನೆನಪಿಗೆ ಬಂತು. ಬಾನೆಟ್ ಎತ್ತಿಕೊಂಡು, ಹೊಗೆ ಬಿಡುತ್ತ, ರಸ್ತೆಯ ಪಕ್ಕದಲ್ಲಿ ನಿಂತದ್ದು! ಆದ್ದರಿಂದ ಇಂದು ನಾವು ದಾರಿಯ ವಿಷಯ ಬಿಟ್ಟು, ದಾರಿಯಲ್ಲಿ ಕೆಟ್ಟು ನಿಂತ ಕಾರುಗಳ ವಿಷಯ ಮಾತಾಡುತ್ತೇವೆ. ಎರಡೂ ಬೇರೆಯಲ್ಲ ಎಂಬುದು ಕೊನೆಗೆ ನಿಮಗೇ ತಿಳಿಯುತ್ತದೆ. ತಿಳಿಯದಿದ್ದರೆ ಊಟವಂತೂ ಇದ್ದೇ ಇದೆ.

ಗಾಡಿ ತಳ್ಳುವುದು ನಮಗೆ ವಂಶಪಾರಂಪರ್ಯವಾಗಿ ಬಂದ ವಿದ್ಯೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ಕಡೆಯ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಂದು ಒಲೆ. ಹೊರಡುವ ಮುಂಚೆ ಕ್ಲೀನರ್ ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಫ್ಯಾನಿನ ಹಿಡಿ ತಿರುಗಿಸುತ್ತ ಬೆವರು ಸುರಿಸಬೇಕು. ಆ ಗ್ಯಾಸಿಗೆ ಪೆಟ್ರೋಲಿನಷ್ಟು ಶಕ್ತಿಯೆಲ್ಲಿ? ಏರು ಬಂದರೆ ಪ್ರಯಾಣಿಕರು ಇಳಿಯಬೇಕು, ತಳ್ಳಬೇಕು, ಮೇಲೆ ಹೋದಮೇಲೆ ಮತ್ತೆ ಹತ್ತಬೇಕು. ಟಿಕೆಟ್ಟಿನ ದುಡ್ಡು ಮಾತ್ರ ಪೂರ್ತಿ! ನಮ್ಮ ಅಜ್ಜ ಹೇಳುತ್ತಿದ್ದರು: "ಬಸ್ಸು ನಮ್ಮನ್ನು ಅರ್ಧ ದಾರಿ ಹೊತ್ತಿತು, ನಾವು ಬಸ್ಸನ್ನು ಅರ್ಧ ದಾರಿ ಹೊತ್ತೆವು. ಲೆಕ್ಕ ಚುಕ್ತಾ."

ನಮ್ಮ ಬಾಲ್ಯಕ್ಕೆ ಬರೋಣ. ಆಗ ಭಾರತದಲ್ಲಿ ಕಾರು ಅಂದರೆ ಮೂರೇ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1957ರಿಂದ ತಯಾರಾದ ಅಂಬಾಸಿಡರ್. ಇಟಲಿಯ ಫಿಯಟ್ 1100 ಮಾದರಿಯನ್ನು ಬೊಂಬಾಯಿಯಲ್ಲಿ ಮಾಡಿ, ಮುಂದೆ ಪದ್ಮಿನಿ ಎಂದು ಹೆಸರಿಟ್ಟ ಕಾರು. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಚಿಕ್ಕಪ್ಪನ ಹತ್ತಿರ ಈ ಮೂರರಲ್ಲಿ ಒಂದಿತ್ತು. ಯಾವುದು ಎಂದು ಹೇಳುವುದಿಲ್ಲ. ಸತ್ತವರ ಮೇಲೆ ದೂರು ಹೇಳಬಾರದು. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಅದು ನಾಲ್ಕನೆಯ ತಿರುವಿನಲ್ಲಿ ತಪ್ಪದೆ ನಿಲ್ಲುತ್ತಿತ್ತು. ಇಂಜಿನ್ನಿನ ಕಾವಿಗೆ ಪೈಪಿನಲ್ಲಿದ್ದ ಪೆಟ್ರೋಲ್ ಕುದಿದು ಆವಿಯಾಗುತ್ತಿತ್ತು. ಪಂಪಿಗೆ ಆವಿಯನ್ನು ಎಳೆಯಲು ಬಾರದು. ಕಾರ್ಬುರೇಟರಿಗೆ ಹನಿ ಪೆಟ್ರೋಲೂ ಇಲ್ಲ. ಅದಕ್ಕೆ ಮದ್ದು ಒಂದೇ: ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕಿ ಸುಮ್ಮನೆ ಕೂರುವುದು. ಜ್ವರ ಬಂದ ಮಗುವಿಗೆ ಹಣೆಪಟ್ಟಿ ಹಾಕಿದ ಹಾಗೆ. ಅಷ್ಟರಲ್ಲಿ ಚಿಕ್ಕಮ್ಮ ಬುತ್ತಿ ಬಿಚ್ಚುತ್ತಿದ್ದರು. ರೇಡಿಯೇಟರು ಝರಿಯ ನೀರು ಕುಡಿಯುತ್ತಿತ್ತು, ನಾವು ಮೊಸರನ್ನ ತಿನ್ನುತ್ತಿದ್ದೆವು. ದಾರಿಯಲ್ಲಿ ಹೋಗುವ ಪ್ರತಿ ಲಾರಿಯವನೂ ನಿಲ್ಲಿಸಿ "ಏನಾಯ್ತು ಸಾರ್?" ಅನ್ನುತ್ತಿದ್ದ. "ಏನಿಲ್ಲಪ್ಪ, ಒಂದು ಕೈ ಹಾಕಿ" ಅಂದರೆ ಸಾಕು, ಎಲ್ಲಿಂದಲೋ ಹತ್ತು ಕೈ ಬರುತ್ತಿದ್ದವು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇಷ್ಟೆಲ್ಲ ತರಬೇತಿ ಪಡೆದು ಅಮೆರಿಕಾಕ್ಕೆ ಬಂದೆವು. ಇಲಿನಾಯ್ ರಾಜ್ಯದ ಈ ಜೋಳದ ಹೊಲಗಳ ನಡುವಿನ ವಿಶ್ವವಿದ್ಯಾಲಯದ ಊರು. ಷಿಕಾಗೋ ಇಲ್ಲಿಂದ ಉತ್ತರಕ್ಕೆ 135 ಮೈಲಿ. ಬಸ್ಸು ಕಾಣುವುದು ಗ್ರಹಣದಷ್ಟು ಅಪರೂಪ. ಕಾರಿಲ್ಲದೆ ಹಾಲು ತರುವುದಕ್ಕೂ ಸಾಧ್ಯವಿಲ್ಲ. ಕೈಯಲ್ಲಿ ವಿದ್ಯಾರ್ಥಿವೇತನದ ನಾಲ್ಕು ಕಾಸು. ಆದರೆ ನಮ್ಮ ಪುಣ್ಯಕ್ಕೆ 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿ, ಇಲ್ಲಿ ಗ್ಯಾಸಿನ ಬೆಲೆ ಏರಿ, ಎಂಟು ಸಿಲಿಂಡರಿನ ಆನೆಯಂಥ ಕಾರುಗಳು ಯಾರಿಗೂ ಬೇಡವಾಗಿದ್ದವು. ಬೇಡವಾದ ಆನೆ ಯಾರ ಮನೆಗೆ ಬರಬೇಕು? ನಮ್ಮಂಥ ಬಡ ಮಾವುತರ ಮನೆಗೇ. ನಾನೂರು ಡಾಲರು ಕೊಟ್ಟು ಒಂದು ಸ್ಟೇಷನ್ ವ್ಯಾಗನ್ ತಂದೆವು. ಕಂಪೆನಿಯ ಹೆಸರು ಇಲ್ಲಿಯೂ ಬೇಡ.

ಆ ಕಾರಿಗೆ ಒಂದು ಗುರುಪರಂಪರೆಯಿತ್ತು. ದಾವಣಗೆರೆಯವರೊಬ್ಬರು ಪಿಎಚ್‌ಡಿ ಮುಗಿಸಿ ಹೋಗುವಾಗ ಧಾರವಾಡದವರಿಗೆ ಮಾರಿದ್ದರು, ಧಾರವಾಡದವರು ಮಂಗಳೂರಿನವರಿಗೆ, ಮಂಗಳೂರಿನವರು ನಮಗೆ. ಕರ್ನಾಟಕದ ಏಕೀಕರಣ 1956ರಲ್ಲಿ ಆಯಿತೆಂದು ಓದಿದ್ದೆವು. ಅದನ್ನು ಕಣ್ಣಾರೆ ಕಂಡದ್ದು ಆ ಕಾರಿನ ಕಾಗದಪತ್ರದಲ್ಲಿ. ಆಗಿನ ಅನೇಕ ಕಾರುಗಳ ಮೈಲಿ ಎಣಿಸುವ ಮೀಟರಿನಲ್ಲಿ ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆ. ನಮ್ಮ ಕಾರು 31,000 ಮೈಲಿ ತೋರಿಸುತ್ತಿತ್ತು. ಅದು ಎಷ್ಟನೆಯ ಜನ್ಮವೋ ಮಾರಿದವರಿಗೂ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ತಳವನ್ನು ತಿಂದು ಹಾಕಿತ್ತು. ಹಿಂದಿನ ಸೀಟಿನಲ್ಲಿ ಕಾಲಿಡುವ ಕಡೆ ಒಂದು ತೂತು. ಅದರ ಮೇಲೆ ಪ್ಲೈವುಡ್ ಹಲಗೆ. ಅದರ ಮೇಲೆ ಊರಿಂದ ತಂದ ಜಮಖಾನೆ. ನೆಂಟರು ಬಂದರೆ "ಜಮಖಾನೆ ಎಳೀಬೇಡಿ" ಎಂದು ಮೊದಲೇ ಹೇಳುತ್ತಿದ್ದೆವು. ಎಡಗಡೆಯ ಹಿಂಬಾಗಿಲು ಹೊರಗಿನಿಂದ ಮಾತ್ರ ತೆಗೆಯುತ್ತಿತ್ತು. ಹೀಗಾಗಿ ನಮ್ಮ ನೆಂಟರಿಗೆಲ್ಲ ಮಂತ್ರಿಗಳ ಮರ್ಯಾದೆ ಸಿಗುತ್ತಿತ್ತು.

ಊರಿನಲ್ಲಿ ಕಾರು ಬಿಸಿಲಿಗೆ ಕೆಡುತ್ತಿತ್ತು, ಇಲ್ಲಿ ಚಳಿಗೆ. ಚಳಿ ಹೆಚ್ಚಿದಂತೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಅದೇ ಹೊತ್ತಿಗೆ ಇಂಜಿನ್ನಿನ ಎಣ್ಣೆ ಜೋನಿಬೆಲ್ಲದಂತೆ ಗಟ್ಟಿಯಾಗಿ ಹೆಚ್ಚು ಶಕ್ತಿ ಕೇಳುತ್ತದೆ. ಬಡವನ ಮನೆಗೆ ಬರಗಾಲದಲ್ಲಿ ಬೀಗರು ಬಂದ ಹಾಗೆ. ಆದ್ದರಿಂದ ರಾತ್ರಿ ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ತಂದು ಮಲಗಿಸುವವರಿದ್ದರು. ಬೆಳಿಗ್ಗೆ ಎದ್ದು ಜಂಪರ್ ಕೇಬಲ್ ಹಿಡಿದು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವುದು ನಮ್ಮ ಸುಪ್ರಭಾತ. ಕೆಂಪು ತಂತಿ ಕೂಡುಚಿಹ್ನೆಗೆ, ಕಪ್ಪು ಕಳೆಚಿಹ್ನೆಗೆ. ಕೊನೆಯ ಕಪ್ಪು ಹಿಡಿಯನ್ನು ಮಾತ್ರ ಸತ್ತ ಬ್ಯಾಟರಿಗೆ ಕಚ್ಚಿಸದೆ ಇಂಜಿನ್ನಿನ ಬರಿಯ ಕಬ್ಬಿಣಕ್ಕೆ ಕಚ್ಚಿಸಬೇಕು, ಏಕೆಂದರೆ ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ತಾಗಬಾರದು. ಈ ಮಂತ್ರವನ್ನು ನಮಗೆ ಉಪದೇಶಿಸಿದವರು ಇದೇ ಸಭೆಯಲ್ಲಿ ಕುಳಿತಿದ್ದಾರೆ. ಹೆಸರು ಹೇಳಿದರೆ ಎದ್ದು ಹೋಗುವ ಸ್ವಭಾವ ಅವರದು. ಆದ್ದರಿಂದ 'ನಮ್ಮ ಸ್ನೇಹಿತರು' ಅನ್ನುತ್ತೇವೆ.

ಈಗ ನಗೆ ಸ್ವಲ್ಪ ಬದಿಗಿರಲಿ.

1985ರ ಜನವರಿ 20, ಭಾನುವಾರ. ಷಿಕಾಗೋದಲ್ಲಿ ಅಂದು ಫ್ಯಾರನ್‌ಹೀಟ್ ಸೊನ್ನೆಗಿಂತ 27 ಡಿಗ್ರಿ ಕೆಳಗೆ, ಸೆಲ್ಷಿಯಸ್ ಲೆಕ್ಕದಲ್ಲಿ ಸುಮಾರು 33 ಡಿಗ್ರಿ ಕೆಳಗೆ. ಆ ನಗರದ ದಾಖಲೆ ಇಂದಿಗೂ ಅದೇ. ಮರುದಿನ ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ರೇಗನ್ನರ ಪ್ರಮಾಣವಚನವನ್ನೂ ಚಳಿಗೆ ಹೆದರಿ ಒಳಾಂಗಣದಲ್ಲಿ ಮಾಡಿದರು. ಆಗ ಸಂಘ ಇರಲಿಲ್ಲ, ಏಳು ಮನೆಗಳಿದ್ದವು. ಆ ಭಾನುವಾರ ಒಬ್ಬರ ಮನೆಯಲ್ಲಿ ಎಲ್ಲರೂ ಸೇರಿ ಎಳ್ಳುಬೆಲ್ಲ ಹಂಚುವುದೆಂದು ಗೊತ್ತಾಗಿತ್ತು. ಶನಿವಾರ ರಾತ್ರಿ ಬೆಂಗಳೂರಿನಿಂದ ಟ್ರಂಕ್ ಕಾಲ್ ಬಂತು. ಅಮ್ಮನಿಗೆ ತುಂಬ ಕಷ್ಟ, ಕೂಡಲೇ ಹೊರಡಿ. ನಮ್ಮಲ್ಲಿ ಒಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ. ಸಾಲ ಮಾಡಿದರೂ ಒಂದೇ ಟಿಕೆಟ್ಟಿಗೆ ದುಡ್ಡಾಯಿತು. ಮಗ ಹೋಗುವುದು, ಸೊಸೆ ಎಂಟು ತಿಂಗಳ ಕೂಸಿನೊಡನೆ ಉಳಿಯುವುದು ಎಂದು ತೀರ್ಮಾನ. ವಿಮಾನ ಭಾನುವಾರ ಸಂಜೆ ಷಿಕಾಗೋದಿಂದ ನ್ಯೂಯಾರ್ಕಿಗೆ, ಅಲ್ಲಿಂದ ಬೊಂಬಾಯಿಗೆ.

ಬೆಳಿಗ್ಗೆ ಬೀಗದಕೈ ತಿರುಗಿಸಿದರೆ ಕಾರು 'ಟಕ್' ಎಂದಿತು, ಅಷ್ಟೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಪಟ್ಟಿ ನೋಡಿ ಒಬ್ಬೊಬ್ಬರಿಗೇ ಫೋನು ಮಾಡಿದೆವು. ಮೊದಲ ನಾಲ್ಕು ಮನೆಯವರ ಕಾರುಗಳೂ ಮಲಗಿದ್ದವು. ಐದನೆಯವರು ನಮ್ಮ ಸ್ನೇಹಿತರು. ಬ್ಯಾಟರಿಯನ್ನು ಮನೆಯೊಳಗೆ ಮಲಗಿಸುವ ಪೈಕಿ ಅವರು. ಅರ್ಧ ಗಂಟೆಯಲ್ಲಿ ಹೆಂಡತಿಯನ್ನೂ ಎಳ್ಳಿನ ಡಬ್ಬಿಯನ್ನೂ ಕರೆತಂದರು. ಅವರ ಕಾರು ನಮ್ಮದಕ್ಕಿಂತ ಹಳೆಯದು, ಹೀಟರ್ ಇಲ್ಲ. ಕೇಬಲ್ ಹಾಕಿ, ಇಪ್ಪತ್ತು ನಿಮಿಷ ಕಾಯಿಸಿ, ನಮ್ಮದನ್ನು ಎಬ್ಬಿಸಿದರು. ಆಮೇಲೆ "ಎರಡೂ ಕಾರು ಹೋಗೋಣ. ಒಂದು ಕೆಟ್ಟರೆ ಇನ್ನೊಂದಿರುತ್ತೆ" ಎಂದರು. ಅವರ ಹೆಂಡತಿ ಸೊಸೆಯ ಜೊತೆ ಮನೆಯಲ್ಲಿ ಉಳಿದರು.

ಕಂಕಾಕೀ ಊರಿನ ಹತ್ತಿರ, ಅರ್ಧ ದಾರಿ ಕಳೆದ ಮೇಲೆ, ನಮ್ಮ ಕಾರು ಕೆಮ್ಮಿ ನಿಂತಿತು. ಟ್ಯಾಂಕಿನಲ್ಲಿ ಸೇರಿದ್ದ ನೀರು ಪೈಪಿನಲ್ಲಿ ಮಂಜುಗಡ್ಡೆಯಾಗಿ ಪೆಟ್ರೋಲನ್ನು ಕಟ್ಟಿತ್ತು. ನೋಡಿ ವಿಚಿತ್ರ, ಊರಿನಲ್ಲಿ ಆವಿ ಕಟ್ಟಿತು, ಇಲ್ಲಿ ಹಿಮ ಕಟ್ಟಿತು! ಅದನ್ನು ಅಲ್ಲೇ ಬಿಟ್ಟು, ಪೆಟ್ಟಿಗೆಯನ್ನು ಅವರ ಕಾರಿಗೆ ಹಾಕಿ ಹೊರಟದ್ದಾಯಿತು. ಉಸಿರು ಗಾಜಿನ ಒಳಗಡೆ ಹೆಪ್ಪುಗಟ್ಟುತ್ತಿತ್ತು. ಒಬ್ಬರು ಸ್ಟೀರಿಂಗ್ ಹಿಡಿಯುವುದು, ಇನ್ನೊಬ್ಬರು ಗಾಜನ್ನು ಕೆರೆಯುವುದು. ಹೀಗೆ ಎಪ್ಪತ್ತು ಎಂಬತ್ತು ಮೈಲಿ. ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಿಸಿ, ಎಳ್ಳುಬೆಲ್ಲದ ಪೊಟ್ಟಣ ಕೈಗಿಟ್ಟು, "ಅಮ್ಮನಿಗೆ ಕೊಡಿ" ಎಂದಷ್ಟೇ ಹೇಳಿ ಹೊರಟುಬಿಟ್ಟರು.

ಅಮ್ಮ ಸಿಕ್ಕರು. ಎರಡು ದಿನ ಸಿಕ್ಕರು. ಎಳ್ಳುಬೆಲ್ಲವನ್ನು ನಾಲಿಗೆಗೆ ಮುಟ್ಟಿಸಿದಾಗ ದಾರಿಯ ಕಥೆಯೆಲ್ಲ ಕೇಳಿದರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವರಿಗೆ ಊಟ ಹಾಕಿದ್ಯೇನೋ?"

ಇಲ್ಲ ಎನ್ನಬೇಕಾಯಿತು. ಒಂದು ಲೋಟ ಕಾಫಿಯನ್ನೂ ಕುಡಿಸಿರಲಿಲ್ಲ.

ಇತ್ತ ಸ್ನೇಹಿತರು ಅಂದು ರಾತ್ರಿ ಮನೆಗೆ ಫೋನು ಮಾಡಿ, "ಷಿಕಾಗೋದಲ್ಲಿ ಗೆಳೆಯನ ಮನೆಯಲ್ಲಿ ಉಳಿಯುತ್ತೇನೆ, ಚಿಂತೆ ಬೇಡ" ಎಂದಿದ್ದರು. ಮರುದಿನ ಮಧ್ಯಾಹ್ನ ಬಂದರು. ನಮ್ಮ ಕಾರೂ ಬಂತು. ಅಷ್ಟೇ ಎಂದುಕೊಂಡಿದ್ದೆವು. ನಾಲ್ಕು ವರ್ಷದ ಮೇಲೆ ಅವರು ಆ ಹಳೆಯ ಕಾರನ್ನು ಗುಜರಿಗೆ ಹಾಕಿದ ದಿನ ಅವರ ಹೆಂಡತಿ ನಿಜ ಹೇಳಿದರು. ಗೆಳೆಯನೂ ಇರಲಿಲ್ಲ, ಮನೆಯೂ ಇರಲಿಲ್ಲ. ಹಿಂದಕ್ಕೆ ಬರುವಾಗ ಅವರ ಕಾರೂ ಕೆಟ್ಟು, ಲಾರಿಯವನೊಬ್ಬ ಹತ್ತಿಸಿಕೊಂಡು ಲಾರಿಗಳು ನಿಲ್ಲುವ ಹೋಟೆಲಿಗೆ ಬಿಟ್ಟಿದ್ದ. ಅಲ್ಲಿ ಕುರ್ಚಿಯ ಮೇಲೆ ಕುಳಿತೇ ರಾತ್ರಿ ಕಳೆದರು. ಬೆಳಿಗ್ಗೆ ಎರಡೂ ಕಾರುಗಳನ್ನು ಎಳೆಸಿ ರಿಪೇರಿ ಮಾಡಿಸಿದರು. ಆ ತಿಂಗಳ ಮನೆಬಾಡಿಗೆಗೆ ಇಟ್ಟ ದುಡ್ಡು ಅದಕ್ಕೆ ಹೋಯಿತು. ಕೇಳಿದರೆ, "ಊರಿಗೆ ಹೋಗಿ ಅಮ್ಮನನ್ನು ಕಳೆದುಕೊಂಡು ಬಂದವನಿಗೆ ಬಿಲ್ಲು ಕೊಡೋಕಾಗುತ್ತಾ?" ಎಂದರು. ಆ ಬಿಲ್ಲು ಇನ್ನೂ ನಮ್ಮ ಮೇಲಿದೆ.

ಮಿತ್ರರೇ, ಆ ವರ್ಷದ ನವೆಂಬರಿನಲ್ಲಿ ಸಂಘ ಹುಟ್ಟಿತು ಎಂದು ದಾಖಲೆಯಲ್ಲಿದೆ. ನಮ್ಮ ಲೆಕ್ಕದಲ್ಲಿ ಅದು ಹುಟ್ಟಿದ್ದು ಫ್ರಿಜ್ಜಿನ ಬಾಗಿಲ ಮೇಲಿನ ಆ ಪಟ್ಟಿಯಲ್ಲಿ. ಹೆಸರು, ಫೋನು, ಯಾರ ಹತ್ತಿರ ಕೇಬಲ್ ಇದೆ, ಯಾರಿಗೆ ರಾತ್ರಿ ಫೋನು ಮಾಡಿದರೂ ಬೇಸರವಿಲ್ಲ. ಅದೇ ನಮ್ಮ ಮೊದಲ ಸದಸ್ಯರ ಪಟ್ಟಿ. ಸಂಘದ ಮೊದಲ ಆಸ್ತಿ ಏನೆಂದು ಕಾರ್ಯದರ್ಶಿಗಳು ಕೇಳಿದ್ದರು. ಹಾರ್ಮೋನಿಯಂ ಅಲ್ಲ, ಒಂದು ಜೊತೆ ಜಂಪರ್ ಕೇಬಲ್.

ಕಾಲ ಬದಲಾಯಿತು. 1990ರ ದಶಕದ ಆರಂಭದ ಹೊತ್ತಿಗೆ ಇಲ್ಲಿನ ಹೊಸ ಕಾರುಗಳಲ್ಲಿ ಕಾರ್ಬುರೇಟರ್ ಹೋಗಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಯಂತ್ರ ಬಂತು. ಊರಿನಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ ಬಂತು, 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು, 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಇಂದಿನ ಕಾರುಗಳು ಕೆಡುವುದೇ ಅಪರೂಪ. ಒಳ್ಳೆಯದೇ ಆಯಿತು! ತೂತಿನ ಮೇಲೆ ಜಮಖಾನೆ ಹಾಸಿದ ಕಾರು ಯಾರಿಗೂ ಬೇಡ. ಆದರೆ ಕಾರು ಕೆಡದಿದ್ದರೆ ಫೋನು ಮಾಡುವ ಅಭ್ಯಾಸವೂ ತಪ್ಪುತ್ತದೆ.

ಕೆಡುವುದು ಕಾರೊಂದೇ ಅಲ್ಲವಲ್ಲ. ಎಚ್-1ಬಿ ವೀಸಾದ ಮೇಲೆ ಬಂದ ಹುಡುಗನಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ದಾರಿ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅವನು ಯಾರಿಗೂ ಹೇಳದೆ ಬಾಗಿಲು ಹಾಕಿಕೊಂಡು ಕೂರುತ್ತಾನೆ. ನಮ್ಮ ವಯಸ್ಸಿನವರಿಗೆ ಕತ್ತಲಾದಮೇಲೆ ಕಾರು ಓಡಿಸಲು ಕಣ್ಣು ಸಾಲದು. ಕಾರು ನೋಡಿದರೆ ಹೊಸದು, ಗ್ಯಾರೇಜಿನಲ್ಲಿ ನಿಂತಿದೆ. ಒಳಗಿರುವವರು ಹಳೆಯ ಮಾದರಿ! ಅವರಿಗೂ ಕೇಳಲು ಸಂಕೋಚ. ಇಂದು ಈ ಸಭೆಗೆ ಬಾರದ ಮೂರು ಹಿರಿಯ ಮನೆಗಳ ಲೆಕ್ಕ ನಮ್ಮ ಹತ್ತಿರ ಇದೆ. ಮೂವರೂ ಕೊಟ್ಟ ಕಾರಣ ಒಂದೇ: "ರಾತ್ರಿ ವಾಪಸು ಬರೋದು ಕಷ್ಟ."

ಆದ್ದರಿಂದ ನಮ್ಮದೊಂದು ಕೋರಿಕೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಕಾಗದ ಇಟ್ಟಿದ್ದೇವೆ. ಹೆಸರು, ಫೋನು, ಹಿರಿಯರನ್ನು ಕರೆತಂದು ಬಿಡಬಲ್ಲಿರಾ, ರಾತ್ರಿ ಫೋನು ಮಾಡಬಹುದೇ? ನಾಲ್ಕೇ ಕಲಮು. ಊಟಕ್ಕೆ ಹೋಗುವ ಮುಂಚೆ ಬರೆಯಿರಿ. ಸಂಘದ ಹಳೆಯ ಪಟ್ಟಿ ಏಳು ಮನೆಯದಾಗಿತ್ತು. ಹೊಸದು ಎಷ್ಟಾಗುತ್ತದೋ ನೋಡೋಣ. ಒಂದು ಕೈ ಹಾಕಿ, ಸ್ವಾಮಿ!

ಕೊನೆಯದಾಗಿ, ಬಡಿಸುವವರಲ್ಲಿ ಒಂದು ಮಾತು. ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ಆ ನಮ್ಮ ಸ್ನೇಹಿತರ ಎಲೆಗೆ ಇಂದು ಎರಡು ಹೋಳಿಗೆ ಜಾಸ್ತಿ ಬೀಳಲಿ. ಬೇಡ ಎಂದರೂ ಬಿಡಬೇಡಿ. ಅಮ್ಮ ಕೇಳಿದ ಪ್ರಶ್ನೆಗೆ ನಾವು ಇನ್ನೂ ಉತ್ತರ ಕೊಡುತ್ತಲೇ ಇದ್ದೇವೆ.

 ಸಿರಿಗನ್ನಡಂ ಗೆಲ್ಗೆ.