ಹಿಪ್ಪುನೇರಳೆ ಕಡ್ಡಿಯ ನಾರು



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ರೇಷ್ಮೆಹುಳುವು ಎಲೆ ತಿಂದುಳಿಸಿದ ಹಿಪ್ಪುನೇರಳೆ ಕಡ್ಡಿಯು ಒಲೆಯ ಪಾಲಾಗುವುದನ್ನು ತಾವು ಬಲ್ಲಿರಿ. ಅದರ ತೊಗಟೆಯಲ್ಲಿ ಉತ್ತಮವಾದ ನಾರುಂಟು. ಸಮರ್‌ಖಂಡದ ಬಳಿ ಇಂದಿಗೂ ಅದರಿಂದ ಕಾಗದವನ್ನು ಮಾಡುವರು.

ಹಸಿ ಆರುವ ಮುನ್ನ ತೊಗಟೆಯನ್ನು ಸುಲಿದು, ಹೊರಸಿಪ್ಪೆಯನ್ನು ಕೆರೆದು ಒಣಗಿಸಿರಿ. 1 ಕಿಲೋ ಒಣತೊಗಟೆಯನ್ನು ರಾತ್ರಿ ನೆನೆಯಿಸಿ, 200 ಗ್ರಾಂ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ, ಸ್ಟೀಲ್ ಪಾತ್ರೆಯಲ್ಲಿ 2–3 ಘಂಟೆ ಬೇಯಿಸತಕ್ಕದ್ದು. ಕ್ಷಾರವು ಅಂಟನ್ನು ಕರಗಿಸುವುದು. ಸೆಲ್ಯುಲೋಸ್ ನಾರು ಉಳಿಯುವುದು. ಹಿಸುಕಿದೊಡನೆ ಎಳೆ ಬಿಡಿಸಿಕೊಂಡರೆ ಇಳಿಸಿ, ಚೆನ್ನಾಗಿ ತೊಳೆಯಿರಿ. ಕ್ಷಾರವು ಕಣ್ಣಿಗೆ, ಚರ್ಮಕ್ಕೆ ತಗುಲಬಾರದು.

ಬೆಂದ ಕರಿನೀರನ್ನು ಕೆರೆಗಾಗಲಿ ಅರ್ಕಾವತಿಗಾಗಲಿ ಬಿಡಕೂಡದು. ದನಕರುಗಳು ಕುಡಿಯುವ ನೀರು ಕೆಡುವುದು. ಇದನ್ನು ತಡೆಯುವ ಹೊಣೆ ಗ್ರಾಮದ ಮುಖ್ಯಸ್ಥರದು.

ಸುಲಿದ ಕಡ್ಡಿಯು ಹೇಗೂ ಸೌದೆಗೆ ಉಳಿಯುವುದು. ಆದುದರಿಂದ ಒಂದು ಹೊರೆಯಿಂದ ಪರೀಕ್ಷಿಸಿ ನೋಡಿರಿ.