ಅಂಗಡಿಯವನ ಆತ್ಮಸ್ಥೈರ್ಯ

ವ್ಯಾಪಾರಕ್ಕೆ ಬಂಡವಾಳ ಬೇಕೆಂಬುದನ್ನು ಎಲ್ಲರೂ ಬಲ್ಲರು. ಮನಸ್ಸಿನ ಬಂಡವಾಳದ ಮಾತನ್ನು ಆಡುವವರು ಕಡಮೆ. ದೊಡ್ಡ ಕಾರ್ಖಾನೆಗೆ ನಷ್ಟ ಬಂದರೆ ಆಡಳಿತ ಮಂಡಲಿ ಸಭೆ ಸೇರುತ್ತದೆ. ತಜ್ಞರು ವರದಿ ಬರೆಯುತ್ತಾರೆ. ಶಿವಮೊಗ್ಗೆಯ ವಿನೋಬನಗರದಂಥ ಬಡಾವಣೆಯಲ್ಲಿ ದಿನಸಿ ಅಂಗಡಿಯನ್ನೋ ಚಿಕ್ಕ ಹೋಟೆಲನ್ನೋ ಇಟ್ಟುಕೊಂಡವನಿಗೆ, ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಮಾರುವ ಗೃಹಿಣಿಗೆ, ಸಭೆಯೂ ಇಲ್ಲ, ವರದಿಯೂ ಇಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ತಾವೇ ಮಂಡಲಿ, ತಾವೇ ತಜ್ಞರು. ಇಂಥವರ ಧೈರ್ಯ ಯಾವುದರಲ್ಲಿದೆ ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಧೈರ್ಯವೆಂದರೆ ಉತ್ಸಾಹವೆಂದು ನಾವು ಭಾವಿಸುವುದುಂಟು. ಉತ್ಸಾಹ ಅಂಗಡಿಯ ಪ್ರಾರಂಭೋತ್ಸವಕ್ಕೆ ಸಾಕು. ಮಾವಿನ ತೋರಣ ಒಣಗಿದ ಮೇಲೆ ಸಾಲದು. ಬೋಣಿಯೇ ಆಗದೆ ಮಧ್ಯಾಹ್ನವಾದ ದಿನ, ಮಳೆ ಹಿಡಿದು ಗಿರಾಕಿ ಬೀದಿಗಿಳಿಯದ ವಾರ, ಬಾಡಿಗೆ ಕೊಡಬೇಕಾದ ತಿಂಗಳ ಕೊನೆ, ಇಂಥ ಹೊತ್ತಿನಲ್ಲಿ ಬೇಕಾದದ್ದು ಬೇರೆಯೇ ಒಂದು ಗುಣ. ಲೆಕ್ಕದ ಪುಸ್ತಕವನ್ನು ತೆರೆದು, ಅದರಲ್ಲಿ ಇರುವುದನ್ನು ಇರುವಂತೆಯೇ ನೋಡುವ ಗುಣ ಅದು. ನಷ್ಟಕ್ಕಿಂತ ನಷ್ಟದ ಲೆಕ್ಕಕ್ಕೆ ಹೆದರುವವರೇ ನಮ್ಮಲ್ಲಿ ಹೆಚ್ಚು.

ಇದಕ್ಕೆ ನಿದರ್ಶನ ಪಕ್ಕದ ಭದ್ರಾವತಿಯಲ್ಲಿಯೇ ಇದೆ. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸವನ್ನಾರಂಭಿಸಿದಾಗ, ಮೊದಲನೆಯ ಮಹಾಯುದ್ಧದ ಅನಂತರ ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟ ಕಂಡಿತು, ಟೀಕೆಯೂ ಬಂತು. ದಿವಾನಗಿರಿಯಿಂದ ಆಗಲೇ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾದರು. ಅವರು ಮಾಡಿದ್ದು ಪವಾಡವಲ್ಲ. ಖರ್ಚನ್ನು ತಗ್ಗಿಸಿದರು, ಕೆಲಸಕ್ಕೆ ಶಿಸ್ತು ತಂದರು, ನಮ್ಮವರನ್ನೇ ತರಬೇತುಗೊಳಿಸಿದರು. ಅಲ್ಲಿ ಅದಿರನ್ನು ಕರಗಿಸುತ್ತಿದ್ದುದು ಮಲೆನಾಡಿನ ಮರದ ಇದ್ದಿಲಿನಿಂದ. ಇದ್ದಿಲು ಸುಡುವಾಗ ಹೊಗೆಯಾಗಿ ಹೋಗುವುದನ್ನು ಸಹ ಭಟ್ಟಿಯಿಳಿಸಿ ಉಪಯೋಗಿಸುವ ಏರ್ಪಾಡು ಕಾರ್ಖಾನೆಯಲ್ಲಿತ್ತು. ನಮ್ಮ ಅಂಗಡಿಯಲ್ಲಿ ಹೊಗೆಯಾಗಿ ಹೋಗುತ್ತಿರುವುದು ಯಾವುದು ಎಂದು ಕೇಳಿಕೊಳ್ಳುವುದಕ್ಕೆ ಕಾರ್ಖಾನೆಯ ಒಡೆತನವೇನೂ ಬೇಕಾಗಿಲ್ಲ.

ಅದೇ ಊರು ಇನ್ನೊಂದು ಕಠಿಣವಾದ ಪಾಠವನ್ನೂ ಹೇಳುತ್ತದೆ. 1936ರಲ್ಲಿ ಸ್ಥಾಪನೆಯಾದ ಅಲ್ಲಿನ ಕಾಗದದ ಕಾರ್ಖಾನೆ 2015ರ ಸುಮಾರಿಗೆ ಉತ್ಪಾದನೆಯನ್ನು ನಿಲ್ಲಿಸಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದು ಕಾರ್ಮಿಕರು ಹೋರಾಟಕ್ಕಿಳಿದರು. ಸಂಬಳದ ದಿನವನ್ನೇ ನಂಬಿ ಉದ್ರಿ ಬರೆಯುವ ಅಂಗಡಿಯವನಿಗೆ ಇಂಥ ಕಾಲದಲ್ಲಿ ತಕ್ಕಡಿ ಸರಿಯಾಗಿದ್ದರೂ ವ್ಯಾಪಾರ ಇಳಿಯುತ್ತದೆ. ಅದು ಅವನ ತಪ್ಪಲ್ಲ. ತನ್ನ ಕೈಯಲ್ಲಿದ್ದುದು ಯಾವುದು, ಕಾಲದ ಕೈಯಲ್ಲಿದ್ದುದು ಯಾವುದು ಎಂಬ ವಿವೇಕ ಇಲ್ಲದಿದ್ದರೆ ಮನುಷ್ಯ ವ್ಯಾಪಾರದ ಸೋಲನ್ನು ತನ್ನ ಸೋಲೆಂದು ತಿಳಿಯುತ್ತಾನೆ. ಆ ನಾಚಿಕೆಯನ್ನು ಮುಚ್ಚಲು ಬಡ್ಡಿಗೆ ಸಾಲ ತರುತ್ತಾನೆ. ಮನೆಯವರಿಗೆ ಹೇಳುವುದಿಲ್ಲ, ನಗುಮುಖದಿಂದ ಅಂಗಡಿಯ ಬಾಗಿಲು ತೆರೆಯುತ್ತಾನೆ. ಅನೇಕ ಸಂಸಾರಗಳನ್ನು ಮುರಿದದ್ದು ನಷ್ಟವಲ್ಲ, ಈ ಮೌನ. ಹೆಂಡತಿಯೆದುರು ಲೆಕ್ಕ ಬಿಚ್ಚಿಟ್ಟವನು ಅರ್ಧ ಭಾರ ಇಳಿಸಿದಂತೆಯೇ ಸರಿ.

ಹಾಗಾದರೆ ಮನಸ್ಸನ್ನು ಗಟ್ಟಿಮಾಡಿಕೊಳ್ಳುವ ಬಗೆ ಹೇಗೆ? ಉಪದೇಶದಿಂದ ಆಗದ್ದು ರೂಢಿಯಿಂದ ಆಗುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆಯಿದ್ದರೂ ಸಾಕು, ಬ್ಯಾಂಕಿನ ಪ್ರತಿನಿಧಿ ಗ್ರಾಹಕನಿದ್ದಲ್ಲಿಗೇ ಬಂದು ಪಡೆಯುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆಬೀದಿಗಳಲ್ಲಿ ಉಳಿದಿದೆ. ಹನಿಗೂಡಿ ಹಳ್ಳವಾದದ್ದು ಅದರ ಒಂದು ಲಾಭ. ವ್ಯಾಪಾರವಾದ ದಿನವೂ ಆಗದ ದಿನವೂ ಗಲ್ಲಾಪೆಟ್ಟಿಗೆಯನ್ನು ತಪ್ಪದೆ ನೋಡುವಂತಾದದ್ದು ಅದಕ್ಕಿಂತ ದೊಡ್ಡ ಲಾಭ.

ಈಗ ಗಿರಾಕಿ ಮೊಬೈಲಿನಿಂದಲೇ ಹಣ ಕಳಿಸುತ್ತಾನೆ; ಹಣ ಕಣ್ಣಿಗೆ ಬೀಳದೆ ಖಾತೆ ಸೇರಿ, ಕಣ್ಣಿಗೆ ಬೀಳದೆಯೇ ಖರ್ಚಾಗುತ್ತದೆ. ಮನೆಯ ಹಣ, ಅಂಗಡಿಯ ಹಣ ಎಂಬ ಭೇದವೇ ಅಳಿಸಿಹೋಗುತ್ತದೆ. ಆದುದರಿಂದ ರಾತ್ರಿ ಹತ್ತು ನಿಮಿಷ ಕಿರ್ದಿ ಬರೆಯುವುದು ಹಿಂದಿಗಿಂತಲೂ ಇಂದು ಅಗತ್ಯ. ಬಂದದ್ದೆಷ್ಟು, ಹೋದದ್ದೆಷ್ಟು, ಉದ್ರಿಯೆಷ್ಟು, ಮನೆಗೆ ಒಯ್ದದ್ದೆಷ್ಟು? ಈ ನಾಲ್ಕು ಸಾಲುಗಳನ್ನು ಸುಳ್ಳಿಲ್ಲದೆ ಬರೆಯಬಲ್ಲವನಿಗೆ ಅಂಗಡಿಯನ್ನು ಯಾವಾಗ ಬೆಳೆಸಬೇಕೆಂಬುದೂ ತಿಳಿಯುತ್ತದೆ. ಬೇಕಾದರೆ ಯಾವಾಗ ಮುಚ್ಚಬೇಕೆಂಬುದೂ ತಿಳಿಯುತ್ತದೆ. ಸಕಾಲದಲ್ಲಿ ಮುಚ್ಚುವುದು ಸಹ ಹೇಡಿತನವಲ್ಲ. ಸಾಲವಿಲ್ಲದೆ ಮುಚ್ಚಿದ ಬಾಗಿಲನ್ನು ಮತ್ತೊಮ್ಮೆ ತೆರೆಯಬಹುದು.