ಹೊಲದ ಅರಿವೆ, ಮನೆಯ ಕೂಸು

(ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ರೈತರು ಮತ್ತು ರೈತ ಮಹಿಳೆಯರಿಗಾಗಿ ಮಾಡಿದ ಭಾಷಣ)



ಗೃಹವಿಜ್ಞಾನವೆಂದರೆ ಅಡಿಗೆ, ಹೊಲಿಗೆ, ಕಸೂತಿ ಇಷ್ಟೇ ಎಂದು ತಿಳಿದವರು ಇಂದಿಗೂ ಉಂಟು. ಧಾರವಾಡದಲ್ಲಿ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯವು ೧೯೭೪ರಲ್ಲಿ ಪ್ರಾರಂಭವಾದಂದಿನಿಂದ ಅಲ್ಲಿ ಆಹಾರ ಮತ್ತು ಪೋಷಣೆ, ಶಿಶು ವಿಕಾಸ, ಜವಳಿ ಮತ್ತು ಉಡುಪು, ಗೃಹ ನಿರ್ವಹಣೆ ಮುಂತಾದ ವಿಷಯಗಳನ್ನು ಕಲಿಸುತ್ತ ಬರಲಾಗಿದೆ. ಈಗ ಈ ಶಾಸ್ತ್ರಕ್ಕೆ ಸಮುದಾಯ ವಿಜ್ಞಾನವೆಂಬ ಹೆಸರು ಬಂದಿದೆ. ತರಗತಿಯಲ್ಲಿ ಶಿಶು ವಿಕಾಸವನ್ನು ಒಬ್ಬರು ಕಲಿಸುತ್ತಾರೆ, ಜವಳಿಯನ್ನು ಇನ್ನೊಬ್ಬರು. ಬೇಸಾಯವು ಮೂರನೆಯವರ ಪಾಲು. ಆದರೆ ಒಕ್ಕಲುತನದ ಮನೆಯಲ್ಲಿ ಈ ಮೂರೂ ಒಂದೇ ಕಡೆ ಕೂಡುತ್ತವೆ. ಅದು ಪಡಸಾಲೆಯ ಗೂಟ. ಔಷಧ ಹೊಡೆದು ಬಂದ ಯಜಮಾನನ ಅಂಗಿ ಅಲ್ಲಿ ತೂಗುತ್ತಿರುತ್ತದೆ. ಅದರ ಕೆಳಗೆ ಕೂಸು ಅಂಬೆಗಾಲಿಡುತ್ತಿರುತ್ತದೆ. ಇಂದಿನ ಮಾತು ಆ ಅಂಗಿಯನ್ನೂ ಆ ಕೂಸನ್ನೂ ಕುರಿತದ್ದು.

ಮನೆ ಮನೆಗೆ ಪಂಪು ಬಂದ ಬಗೆ

ಹಿಂದೆ ಈ ಭಾಗದಲ್ಲಿ ಮಳೆಯಾಶ್ರಯದಲ್ಲಿ ಬೆಳೆಯುತ್ತಿದ್ದ ಜಯಧರದಂಥ ನಾಡಹತ್ತಿಗೆ ಔಷಧ ಹೊಡೆಯುವ ಪ್ರಮೇಯ ಕಡಿಮೆ ಇತ್ತು. ೧೯೭೨ರಲ್ಲಿ ಡಾ. ಬಿ. ಎಚ್. ಕತರಕಿಯವರು ಧಾರವಾಡದಲ್ಲಿ ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂದಿತು, ೧೯೮೧ರಲ್ಲಿ ಡಿ.ಸಿ.ಎಚ್. ೩೨, ಅಂದರೆ ಜಯಲಕ್ಷ್ಮಿ ಬಂದಿತು. ಎಳೆ ಉದ್ದವಾಯಿತು, ಇಳುವರಿ ಹೆಚ್ಚಿತು, ರೈತರ ಕೈಗೆ ನಾಲ್ಕು ಕಾಸು ಬಂದವು. ಅದರೊಡನೆ ಕಾಯಿಕೊರಕದ ಬಾಧೆಯೂ ಸಿಂಪರಣೆಯೂ ಹೆಚ್ಚಿದವು. ೨೦೦೨ರಲ್ಲಿ ಬಿ.ಟಿ. ಹತ್ತಿ ಬಂದ ಮೇಲೆ ಕಾಯಿಕೊರಕಕ್ಕೆ ಹೊಡೆಯುವುದು ಕಡಿಮೆಯಾಯಿತಾದರೂ ರಸ ಹೀರುವ ಕೀಟಗಳ ಕಾಟ ಉಳಿಯಿತು, ಗುಲಾಬಿ ಕಾಯಿಕೊರಕವು ಮತ್ತೆ ತಲೆ ಎತ್ತಿತು. ೨೦೧೮ರಲ್ಲಿ ಶಿವಮೊಗ್ಗ ಭಾಗದ ಗೋವಿನಜೋಳದಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲ ಸಲ ಕಂಡುಬಂದಿತು. ಅಂದಿನಿಂದ ಗೋವಿನಜೋಳದ ಸುಳಿಗೂ ಔಷಧ ಬೇಕಾಯಿತು. ಮೆಣಸಿನಕಾಯಿಯ ಮಾತಂತೂ ಹೇಳುವುದೇ ಬೇಡ. ಹೀಗೆ ಪಂಪು ಇಲ್ಲದ ಮನೆ ಇಂದು ಅಪರೂಪ.

ಬೆಳೆ ಉಳಿಸಿಕೊಳ್ಳಲು ಔಷಧ ಹೊಡೆಯುವುದು ತಪ್ಪಲ್ಲ. ಆದರೆ ಹೊಲದ ಕೆಲಸ ಹೊಲದಲ್ಲಿಯೇ ಮುಗಿಯಬೇಕು. ಅದು ಬಟ್ಟೆಯ ಜೊತೆ ಮನೆಗೆ ಬರಬಾರದು.

ಕೂಸಿಗೆ ಅಪಾಯ ಏಕೆ ಹೆಚ್ಚು?

ಕೂಸು ಎಂದರೆ ಚಿಕ್ಕ ಅಳತೆಯ ದೊಡ್ಡ ಮನುಷ್ಯನಲ್ಲ. ಇದು ಶಿಶು ವಿಕಾಸದ ಮೊದಲ ಪಾಠ. ದೊಡ್ಡವರು ವಿಶ್ರಾಂತಿಯಲ್ಲಿ ನಿಮಿಷಕ್ಕೆ ೧೨ರಿಂದ ೨೦ ಸಲ ಉಸಿರಾಡಿದರೆ ಎಳೆಗೂಸು ೩೦ರಿಂದ ೪೦ ಸಲ ಉಸಿರಾಡುತ್ತದೆ. ಮೈತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಬಹಳ ಹೆಚ್ಚು. ಆದುದರಿಂದ ಅಪ್ಪನಿಗೆ ಏನೂ ಅನ್ನಿಸದಷ್ಟು ವಿಷವು ಮಗುವಿಗೆ ಹೆಚ್ಚಾಗಬಹುದು.

ಎರಡನೆಯದು ಮಿದುಳು. ಹುಟ್ಟಿದಾಗ ಮಗುವಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಕಾಲು ಭಾಗದಷ್ಟಿರುತ್ತದೆ; ಐದು ವರ್ಷ ತುಂಬುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆಳೆದಿರುತ್ತದೆ. ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಅನೇಕ ಔಷಧಗಳು ಹುಳುವಿನ ನರಗಳನ್ನು ಕೆಡಿಸಿಯೇ ಅದನ್ನು ಕೊಲ್ಲುತ್ತವೆ. ಬೆಳೆಯುತ್ತಿರುವ ಮಗುವಿನ ನರಮಂಡಲದ ಬಳಿ ಅಂಥ ವಸ್ತುವಿಗೆ ಎಡೆ ಕೊಡಬಾರದು.

ಮೂರನೆಯದು ಕೂಸಿನ ನಡತೆ. ಸುಮಾರು ಆರು ತಿಂಗಳಿಗೆ ಅದು ಆಧಾರದಿಂದ ಕೂಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯುತ್ತದೆ. ಎಂಟು ಒಂಬತ್ತು ತಿಂಗಳಿಗೆ ಅಂಬೆಗಾಲಿಡುತ್ತದೆ. ವರ್ಷದ ಹೊತ್ತಿಗೆ ಗೋಡೆ ಹಿಡಿದು ನಿಲ್ಲುತ್ತದೆ, ತೂಗುವ ಬಟ್ಟೆಯನ್ನು ಎಳೆಯುತ್ತದೆ. ಬಾಯಿಗೆ ಹಾಕಿಕೊಳ್ಳುವುದು ಕೆಟ್ಟ ಚಾಳಿಯಲ್ಲ, ಕೂಸು ಲೋಕವನ್ನು ತಿಳಿಯುವ ದಾರಿ ಅದು. ಬೈದು ಬಿಡಿಸಲಾಗದು. ಅದರ ಕೈಗೆ ವಿಷ ಸಿಗದಂತೆ ನೋಡಿಕೊಳ್ಳುವುದೊಂದೇ ಉಪಾಯ.

ಕೌದಿಗೆ ಹೋಗುವ ಅರಿವೆ

ಈ ಸೀಮೆಯಲ್ಲಿ ಹಳೆಯ ಅರಿವೆಯನ್ನು ಎಸೆಯುವ ಪದ್ಧತಿ ಇಲ್ಲ. ಅದು ಒಳ್ಳೆಯ ಪದ್ಧತಿಯೇ ಸರಿ. ಹಳೆಯ ಸೀರೆ ತೊಟ್ಟಿಲಿಗೆ, ಹಳೆಯ ಧೋತರ ಕೂಸಿನ ಕೆಳಗೆ ಹಾಸಲಿಕ್ಕೆ, ಉಳಿದ ತುಂಡುಗಳು ಕೌದಿಗೆ. ಎಷ್ಟೋ ಸಲ ಒಗೆದು ಮೆತ್ತಗಾದ ಹತ್ತಿಯ ಅರಿವೆಯಷ್ಟು ಹಿತವಾದದ್ದು ಎಳೆಗೂಸಿನ ಮೈಗೆ ಬೇರೊಂದಿಲ್ಲ.

ಆದರೆ ಒಂದು ಮನೆಯನ್ನು ಎಣಿಸಿ ನೋಡಿರಿ. ಸೊಸೆ ಕೌದಿಗೆ ತುಂಡು ಆರಿಸುತ್ತಿದ್ದಾಳೆ. ಗೂಟದ ಮೇಲಿನ ಅಂಗಿಯನ್ನು ತೆಗೆದು, "ಅತ್ತೀ, ಇದು ಔಷಧ ಹೊಡಿಯೂ ಅಂಗಿ. ತಗೋಬೇಕೋ ಬ್ಯಾಡೋ?" ಎಂದು ಕೇಳುತ್ತಾಳೆ. ಅತ್ತೆ, "ಒಗದದ್ದೈತಲ್ಲವಾ, ಬೆನ್ನಿನ ಭಾಗ ಗಟ್ಟಿ ಐತಿ, ಒಳಪದರಕ್ಕ ಬರತೈತಿ" ಎನ್ನುತ್ತಾಳೆ. ಅತ್ತೆಯ ಮಾತಿನಲ್ಲಿ ಕೇಡಿಲ್ಲ, ಮಿತವ್ಯಯದ ಬುದ್ಧಿ ಇದೆ. ಆದರೆ ಪಂಪಿನಿಂದ ಔಷಧ ಸೋರಿ ಹೆಚ್ಚು ನೆನೆಯುವುದು ಬೆನ್ನಿನ ಭಾಗವೇ ಆಗಿದೆ. ಬಿಸಿಲು, ಮಳೆ ತಾಗುವ ಹೊಲದಲ್ಲಿ ಔಷಧ ಬೇಗ ಶಿಥಿಲವಾಗುತ್ತದೆ. ಮನೆಯೊಳಗೆ, ಪದರಗಳ ನಡುವೆ, ಅದು ಬಹಳ ಕಾಲ ಉಳಿಯುತ್ತದೆ. ಕೂಸು ಆ ಕೌದಿಯ ಮೇಲೆ ಮಲಗಿ ಬೆವರುತ್ತದೆ, ಉಚ್ಚೆ ಹೊಯ್ಯುತ್ತದೆ, ಅಂಚನ್ನು ಚೀಪುತ್ತದೆ. ಒಗೆದ ಬಟ್ಟೆ ಕಣ್ಣಿಗೆ ಸ್ವಚ್ಛವಾಗಿ ಕಂಡ ಮಾತ್ರಕ್ಕೆ ಔಷಧ ಹೋಯಿತೆಂದು ಹೇಳಲಾಗದು.

ಆದಕಾರಣ ಸಿಂಪರಣೆಯ ಬಟ್ಟೆ ಎಷ್ಟೇ ಗಟ್ಟಿಯಾಗಿರಲಿ, ಕೌದಿಗೆ, ತೊಟ್ಟಿಲಿಗೆ, ಕೈ ಒರೆಸಲು, ಅಡಿಗೆ ಮನೆಯ ಹಿಡಿಬಟ್ಟೆಗೆ ಬಳಸಬಾರದು. ಬಾಯಿಗೆ ಕಟ್ಟಿಕೊಂಡ ಟವೆಲ್ಲಿಗೂ ಇದೇ ನಿಯಮ. ಅದೇ ಟವೆಲ್ಲಿನಿಂದ ಮಗುವಿನ ಮುಖ ಒರೆಸುವವರು ಇದ್ದಾರೆ.

ಎಂಥ ಬಟ್ಟೆ ತೊಡಬೇಕು?

ಹತ್ತಿಯ ನೂಲು ಗಾಳಿಯೊಳಗಿನ ತೇವವನ್ನು ತನ್ನ ತೂಕದ ಶೇ. ೮.೫ರಷ್ಟು ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ನೂಲು ಕೇವಲ ಶೇ. ೦.೪ರಷ್ಟು. ಹತ್ತಿ ಬೆವರನ್ನು ಹೀರುವುದರಿಂದ ಸೆಕೆಯಲ್ಲಿ ಅದೇ ಹಿತ. ಪಾಲಿಯೆಸ್ಟರ್ ನೀರನ್ನು ಹೀರದಿದ್ದರೂ ಎಣ್ಣೆಯ ಅಂಶವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಡಬ್ಬಿಯ ಮೇಲೆ 'ಇ.ಸಿ.' ಎಂದು ಬರೆದ ಔಷಧಗಳು ಎಣ್ಣೆಯಂಥ ದ್ರಾವಣಗಳಾದುದರಿಂದ ಅಂಥ ಬಟ್ಟೆಯಿಂದ ಅವನ್ನು ತೊಳೆದು ತೆಗೆಯುವುದು ಕಷ್ಟ.

ಬಟ್ಟೆ ಹತ್ತಿಯದೋ ಅಲ್ಲವೋ ತಿಳಿಯಲು, ಔಷಧ ತಾಗದ ಹೊಸ ಬಟ್ಟೆಯ ಅಂಚಿನಿಂದ ಒಂದೆರಡು ಎಳೆ ತೆಗೆದು ಚಿಮಟಿಗೆಯಲ್ಲಿ ಹಿಡಿದು ಸುಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ಮುದುಡಿ, ಗಟ್ಟಿ ಮಣಿಯಾಗುತ್ತದೆ.

ಸಿಂಪರಣೆಗೆ ದಪ್ಪ ಹತ್ತಿಯ ತುಂಬು ತೋಳಿನ ಅಂಗಿ, ಪೂರ್ತಿ ಕಾಲು ಮುಚ್ಚುವ ಪ್ಯಾಂಟು, ತಲೆಗೆ ಟೋಪಿ, ರಬ್ಬರಿನ ಕೈಗವಸು ಮತ್ತು ಬೂಟು ಬೇಕು. ಪ್ಯಾಂಟಿನ ತುದಿ ಬೂಟಿನ ಹೊರಗಿರಲಿ. ಒಳಗೆ ಸಿಕ್ಕಿಸಿದರೆ ಸೋರಿದ ಔಷಧ ನೇರವಾಗಿ ಪಾದಕ್ಕೆ ಇಳಿಯುತ್ತದೆ. ಬೆನ್ನಿಗೆ ಪಂಪಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಬೇಕು. ತೆಳ್ಳಗಿನ ಲುಂಗಿ, ಬರಿಗಾಲು ಸಲ್ಲವು. ಬಸುರಿಯರು, ಹಾಲುಣಿಸುವ ತಾಯಂದಿರು ಮತ್ತು ಮಕ್ಕಳು ಔಷಧ ಕಲಸುವ, ಹೊಡೆಯುವ ಕೆಲಸಕ್ಕೆ ಬರಲೇಬಾರದು. ಔಷಧ ಹೊಡೆದ ಹೊಲದ ಬದುವಿನಲ್ಲಿ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಲೂ ಬಾರದು. ಉಡಿಯಲ್ಲಿ ಹತ್ತಿ ಬಿಡಿಸಿ ತಂದ ಸೀರೆಯನ್ನು ಬದಲಿಸಿ, ಕೈ ತೊಳೆದ ಮೇಲೆಯೇ ಕೂಸಿಗೆ ಮೊಲೆಯೂಡಿಸಬೇಕು.

ಗಂಜಿಯ ಉಪಯೋಗ

ಹತ್ತಿಯ ಬಟ್ಟೆಗೆ ಗಂಜಿ ಹಾಕಿದರೆ ಔಷಧವು ನೂಲಿಗೆ ಇಳಿಯುವ ಬದಲು ಬಹುಪಾಲು ಗಂಜಿಯ ಪದರಿಗೆ ಅಂಟಿಕೊಳ್ಳುತ್ತದೆ. ಒಗೆದಾಗ ಗಂಜಿಯೊಡನೆ ಔಷಧವೂ ಹೋಗುತ್ತದೆ. ಹಾನಗಲ್ಲದಂಥ ಭತ್ತದ ಸೀಮೆಯಲ್ಲಿ ಅನ್ನ ಬಸಿದ ಗಂಜಿಗೆ ಬರವಿಲ್ಲ. ಅಂಗಿಯ ಬೆನ್ನು, ತೋಳು, ಪ್ಯಾಂಟಿನ ಮೊಣಕಾಲಿನ ಕೆಳಭಾಗಗಳಿಗೆ ಗಂಜಿ ಚೆನ್ನಾಗಿ ಹಿಡಿಯಬೇಕು. ಪ್ರತಿ ಸಲ ಒಗೆದ ಮೇಲೆ ಹೊಸದಾಗಿ ಗಂಜಿ ಹಾಕತಕ್ಕದ್ದು. ಗಂಜಿ ಹಾಕಿದ್ದೇವೆಂದು ಕೈಗವಸು, ಬೂಟು ಬಿಡಕೂಡದು.

ಒಗೆಯುವ ಕ್ರಮ

೧. ಸಿಂಪರಣೆ ಮುಗಿದೊಡನೆ ಬಟ್ಟೆ ಬದಲಿಸಿ, ಸಾಬೂನು ಹಚ್ಚಿ ಸ್ನಾನ ಮಾಡಬೇಕು. ಅದಾಗುವವರೆಗೆ ಕೂಸನ್ನು ಎತ್ತಿಕೊಳ್ಳಬಾರದು.

೨. ಬಟ್ಟೆಯನ್ನು ಅದೇ ದಿನ ಒಗೆಯಬೇಕು. ತಡವಾದಷ್ಟೂ ಔಷಧ ನೂಲಿಗೆ ಇಳಿಯುತ್ತದೆ.

೩. ಮನೆಯ ಉಳಿದ ಬಟ್ಟೆಗಳೊಡನೆ, ವಿಶೇಷವಾಗಿ ಕೂಸಿನ ಬಟ್ಟೆಯೊಡನೆ ಬೆರೆಸಬಾರದು. ಬೇರೆ ಬಕೆಟ್ಟು ಇರಲಿ.

೪. ಒಗೆಯುವ ತಾಯಿಯೂ ರಬ್ಬರಿನ ಕೈಗವಸು ತೊಡಬೇಕು. ಔಷಧ ಹೊಡೆದವರೇ ತಮ್ಮ ಬಟ್ಟೆ ಒಗೆದುಕೊಂಡರೆ ಇನ್ನೂ ಒಳ್ಳೆಯದು.

೫. ಮೊದಲು ಬರಿ ನೀರಿನಲ್ಲಿ ಜಾಲಿಸಿ, ಅನಂತರ ಚೆನ್ನಾಗಿ ಕಾಯಿಸಿದ ನೀರಿನಲ್ಲಿ ಮಾಮೂಲಿಗಿಂತ ಹೆಚ್ಚು ಸಾಬೂನುಪುಡಿ ಹಾಕಿ ಒಗೆಯಬೇಕು. ಇ.ಸಿ. ಔಷಧವಾದರೆ ಎರಡು ಸಲ ಒಗೆಯಬೇಕು.

೬. ಕೆರೆ, ಹಳ್ಳ, ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ಒಗೆಯಬಾರದು. ಆಮೇಲೆ ಕಲ್ಲು, ಬಕೆಟ್ಟನ್ನು ಸಾಬೂನಿನಿಂದ ತೊಳೆಯಬೇಕು.

೭. ಬಿಸಿಲಿನಲ್ಲಿ ಒಣಗಿಸಿ, ಮನೆಯ ಹೊರಗೆ, ಕೂಸಿಗೆ ಎಟುಕದ ಕಡೆ ಇಡಬೇಕು.

ಡಬ್ಬಿಯಿಂದ ಗಟ್ಟಿ ಔಷಧವೇ ಚೆಲ್ಲಿ ಬಟ್ಟೆ ನೆನೆದರೆ ಅದನ್ನು ಒಗೆಯುವ ಗೊಡವೆಗೆ ಹೋಗದೆ, ಯಾರೂ ತೊಡದಂತೆ ಹರಿದು, ಮನೆ ಮತ್ತು ನೀರಿನ ಆಸರೆಗಳಿಂದ ದೂರ ಆಳವಾಗಿ ಹೂಳಬೇಕು. ಒಲೆಗೆ ಹಾಕಬಾರದು.

ಖಾಲಿ ಡಬ್ಬಿ

ಬಟ್ಟೆಯ ಹಾಗೆಯೇ ಡಬ್ಬಿಯನ್ನೂ ಎಸೆಯಲು ಮನಸ್ಸು ಬರುವುದಿಲ್ಲ. ೨೦೧೩ರ ಜುಲೈ ೧೬ರಂದು ಬಿಹಾರದ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ೨೩ ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇದ್ದುದು ಪರೀಕ್ಷೆಯಿಂದ ತಿಳಿದುಬಂದಿತು. ಇದು ಹತ್ತಿಯ ಹೊಲಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಔಷಧವೇ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಯನ್ನು ಒಡೆದು ಹೂಳಬೇಕು. ಅದರಲ್ಲಿ ಎಣ್ಣೆ, ಉಪ್ಪು, ನೀರು ಏನನ್ನೂ ತುಂಬಬಾರದು. ಔಷಧವನ್ನು ತಂಪು ಪಾನೀಯದ ಬಾಟಲಿಗೆ ಬಗ್ಗಿಸಿ ಇಡುವುದು ಅದಕ್ಕಿಂತ ಅಪಾಯ.

ಡಬ್ಬಿಯ ಮೇಲಿನ ಚೌಕದ ಕೆಳಗಿನ ತ್ರಿಕೋಣದ ಬಣ್ಣವನ್ನು ಓದು ಬಾರದವರೂ ಗುರುತಿಸಬಲ್ಲರು. ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ವಿಷವೇ ಇಲ್ಲ ಎಂದರ್ಥವಲ್ಲ.

ವಿಷ ತಾಗಿದಾಗ

ಕೂಸಿಗೆ ಜೊಲ್ಲು, ಬೆವರು ವಿಪರೀತವಾಗಿ ಸುರಿದರೆ, ವಾಂತಿ ಭೇದಿಯಾದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾದರೆ, ಮೈ ಅದುರಿದರೆ, ಉಸಿರಾಟ ಕಷ್ಟವಾದರೆ ವಿಷದ ಸಂಶಯ ಪಡಬೇಕು. ಕೂಡಲೆ ೧೦೮ಕ್ಕೆ ಫೋನು ಮಾಡಬೇಕು. ವಾಹನ ಬರುವಷ್ಟರಲ್ಲಿ ಬಟ್ಟೆ ತೆಗೆದು ಸಾಬೂನು ಮತ್ತು ಧಾರಾಳ ನೀರಿನಿಂದ ಮೈ ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ ೧೫ ನಿಮಿಷ ಸ್ವಚ್ಛ ನೀರು ಬಿಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ತಪ್ಪು; ಔಷಧ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಎರವಾಗಬಹುದು. ಎಚ್ಚರ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಡಬ್ಬಿಯನ್ನು, ಇಲ್ಲವೆ ಅದರ ಚೀಟಿಯನ್ನು, ಆಸ್ಪತ್ರೆಗೆ ಒಯ್ಯತಕ್ಕದ್ದು. ಯಾವ ಔಷಧವೆಂದು ತಿಳಿದರೆ ಅಟ್ರೋಪಿನ್ ಮುಂತಾದ ಪ್ರತಿವಿಷ ಕೊಡುವುದೋ ಬೇಡವೋ ಎಂದು ವೈದ್ಯರು ಬೇಗ ನಿರ್ಧರಿಸಬಲ್ಲರು.

ಒಂದು ಕೆಂಪು ನೂಲು

ಹೇಳಿದ್ದೆಲ್ಲ ಒಂದೇ ದಿನಕ್ಕೆ ರೂಢಿಯಾಗುವುದಿಲ್ಲ. ಆದರೆ ಇಂದು ಸಂಜೆಯೇ ಮಾಡಬಹುದಾದ ಕೆಲಸವೊಂದಿದೆ. ಸಿಂಪರಣೆಗೆ ಒಂದು ಜೊತೆ ಬಟ್ಟೆಯನ್ನು ಬೇರೆ ಮಾಡಿ, ಅಂಗಿಯ ಬೆನ್ನಿಗೆ, ತೋಳುಗಳಿಗೆ, ಪ್ಯಾಂಟಿಗೆ, ಟವೆಲ್ಲಿಗೆ ಕೆಂಪು ನೂಲಿನಿಂದ ಎದ್ದು ಕಾಣುವ ಗುರುತು ಹೊಲಿಯಬೇಕು. ಕೌದಿ ಹೊಲಿಯಬಲ್ಲ ಕೈಗಳಿಗೆ ಇದು ಗಳಿಗೆಯ ಕೆಲಸ. ಆ ಗುರುತು ಇದ್ದ ಅರಿವೆ ಮನೆಯೊಳಗೆ ಬರಬಾರದು, ಬೇರೆ ಬಕೆಟ್ಟಿಗೆ ಹೋಗಬೇಕು, ಹರಿದ ಮೇಲೂ ಕೌದಿಗೆ ಸಲ್ಲದು ಎಂದು ಮನೆಯವರೆಲ್ಲರಿಗೆ ತಿಳಿಸಬೇಕು. ಆಗ ಸೊಸೆ ಕೇಳಬೇಕಾಗಿಲ್ಲ, ಅತ್ತೆ ಹೇಳಬೇಕಾಗಿಲ್ಲ, ನೂಲೇ ಹೇಳುತ್ತದೆ.

ಹೆಚ್ಚಿನ ವಿವರಗಳಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನಾಗಲಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಕಾಣಬಹುದು. ಮಗುವಿನ ತೂಕ, ಬೆಳವಣಿಗೆಗಳ ಬಗೆಗೆ ಊರಿನ ಅಂಗನವಾಡಿಯಲ್ಲಿ ವಿಚಾರಿಸಬೇಕು. ಹತ್ತಿಯ ಗಿಡಕ್ಕೆ ಹುಳು ಬಿದ್ದರೆ ಎಲೆ ತಿರುಗಿಸಿ ನೋಡುವ ರೈತನು ಮನೆಗೆ ಬಂದಾಗ ತನ್ನ ಅಂಗಿಯನ್ನೂ ಹಾಗೆಯೇ ಒಮ್ಮೆ ನೋಡಿಕೊಂಡರೆ ಕೂಸಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.